ನಾಲ್ಕು ವರ್ಷ ಬಳಸಿದ ಅಡುಗೆಮನೆ ಚಿಮ್ನಿ: ಮೋಟಾರಿಗಿಂತ ಪೈಪು ಮುಖ್ಯ

ಸಾರಿನ ಪುಡಿಗೆ ಗುಂಟೂರು ಮೆಣಸಿನಕಾಯಿ ಹುರಿಯುವ ದಿನ ಯಾವ ಚಿಮ್ನಿಯ ಬಂಡವಾಳವೂ ಬಯಲಾಗುತ್ತದೆ. ನಮ್ಮದು 60 ಸೆಂ.ಮೀ. ಅಗಲದ, ಗೋಡೆಗೆ ಕೂರಿಸುವ, ಬ್ಯಾಫಲ್ ಫಿಲ್ಟರಿನ (ಬಾಗಿದ ಸ್ಟೀಲ್ ಪಟ್ಟಿಗಳಲ್ಲಿ ಜಿಡ್ಡು ಹಿಡಿಯುವ) ಮಾದರಿ. ಮೈಸೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ನಾಲ್ಕನೇ ವರ್ಷ ಓಡುತ್ತಿದೆ, ಮೋಟಾರು ಇನ್ನೂ ಗಟ್ಟಿಯಾಗಿದೆ. ಡಬ್ಬದ ಮೇಲೆ ಗಂಟೆಗೆ 1200 ಘನ ಮೀಟರ್ ಗಾಳಿ ಎಳೆಯುತ್ತದೆ ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ಅದನ್ನೇ ನೋಡಿ ಕೊಳ್ಳಬೇಡಿ. ಪೈಪು, ಬೆಂಡು ಬಂದ ಕೂಡಲೇ ಆ ಲೆಕ್ಕ ಇಳಿಯುತ್ತದೆ.

ಕೂರಿಸಲು ಬಂದವರು ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಪೈಪನ್ನು ಕಪಾಟಿನ ಮೇಲೆ ಮೂರು ಕಡೆ ಬಾಗಿಸಿ, ಬಿಲ್ಡರ್ ಬಿಟ್ಟಿದ್ದ 4 ಇಂಚಿನ ತೂತಿಗೆ ತುರುಕಿ ಹೋದರು. ಸದ್ದು ಬೇಕಾದಷ್ಟಿತ್ತು, ಘಾಟು ಮಾತ್ರ ನಡುಮನೆಯಲ್ಲೇ ಇತ್ತು. ಕುಕ್ಕರ್ ಎಷ್ಟು ಸಲ ಕೂಗಿತೆಂದು ಎಣಿಸಲಾಗದೆ ಅತ್ತೆ ಚಿಮ್ನಿಯನ್ನೇ ಆರಿಸಿಬಿಡುತ್ತಿದ್ದರು. ಆಮೇಲೆ ಗೋಡೆ ಕೊರೆಸಿ 6 ಇಂಚಿನ ನೇರ ಪೈಪು ಹಾಕಿಸಿದೆವು, ಬೆಂಡು ಒಂದೇ. ಹೊರಗಿನ ತುದಿಗೆ ಗಾಳಿ, ಹಕ್ಕಿ ನುಗ್ಗದಂತೆ ಮುಚ್ಚಳ. ಅದೇ ಮೋಟಾರು, ಈಗ ನಡುವಿನ ವೇಗದಲ್ಲೇ ಒಗ್ಗರಣೆ ಹೊಗೆ ಮೇಲೆ ಹೋಗುತ್ತದೆ.

ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಹೊರಗೆ ಹೋದಷ್ಟು ಗಾಳಿ ಒಳಗೆ ಬರಲೇಬೇಕಲ್ಲ? ಮಳೆಗಾಲದಲ್ಲಿ ಕಿಟಕಿ, ಬಾಗಿಲು ಎಲ್ಲ ಹಾಕಿ ಚಿಮ್ನಿ ಓಡಿಸಿದರೆ ಬಚ್ಚಲಿನ ವಾಸನೆ ಅಡುಗೆಮನೆಗೆ ಬರುತ್ತಿತ್ತು. ಒಲೆಯಿಂದ ದೂರದ ಕಿಟಕಿಯನ್ನು ನಾಲ್ಕು ಬೆರಳು ತೆರೆದಿಟ್ಟರೆ ಸಾಕು. ಒಲೆ ಪಕ್ಕದ್ದೇ ತೆರೆದರೆ ಉರಿ ಅಲ್ಲಾಡುತ್ತದೆ, ಹೊಗೆಯೂ ಪಕ್ಕಕ್ಕೆ ಹಾರುತ್ತದೆ. ಒಂದು ಟಿಶ್ಯೂ ಕಾಗದ ಫಿಲ್ಟರಿಗೆ ಹಿಡಿದು ನೋಡಿ: ಕಿಟಕಿ ತೆರೆದಾಗ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಮುಚ್ಚಿದಾಗ ಸಡಿಲವಾಗುತ್ತದೆ.

‘ಆಟೋ ಕ್ಲೀನ್’ ಬಗ್ಗೆ ಹೆಚ್ಚು ಆಸೆ ಬೇಡ. ಗುಂಡಿ ಒತ್ತಿದರೆ ಒಳಗಿನ ಕಾಯಿಲ್ ಬಿಸಿಯಾಗಿ ಫ್ಯಾನಿನ ಜಿಡ್ಡು ಕರಗಿ ಕೆಳಗಿನ ಬಟ್ಟಲಿಗೆ ಇಳಿಯುತ್ತದೆ, ಅಷ್ಟೇ. ಫಿಲ್ಟರನ್ನು ನಾವೇ ತೊಳೆಯಬೇಕು. ಪೂರಿ, ಬೋಂಡ ಕರಿದ ವಾರ ಅದರ ಸಂದಿಗಳಲ್ಲಿ ಕಂದುಬಣ್ಣದ ಅಂಟು ನಿಂತಿರುತ್ತದೆ. ಕುದಿನೀರಿಗೆ ವಾಷಿಂಗ್ ಸೋಡಾ, ಪಾತ್ರೆ ತೊಳೆಯುವ ದ್ರವ ಹಾಕಿ ಅರ್ಧ ಗಂಟೆ ನೆನೆಸಿದರೆ ಬಿಡುತ್ತದೆ. ಸ್ಟೀಲಿಗೆ ಮಾತ್ರ ಈ ಉಪಾಯ. ಅಲ್ಯೂಮಿನಿಯಂ ಜಾಲರಿ ಸೋಡಾಕ್ಕೆ ಕಪ್ಪಾಗುತ್ತದೆ.

ಎತ್ತರ: ಒಲೆಯಿಂದ 65ರಿಂದ 75 ಸೆಂ.ಮೀ. ಇಷ್ಟಿದ್ದರೆ ಹಣೆಗೂ ತಾಗುವುದಿಲ್ಲ, ಹೊಗೆಯೂ ಚದುರುವುದಿಲ್ಲ. ನಾಲ್ಕು ಬರ್ನರಿನ ಒಲೆಯಾದರೆ 60 ಸಾಲದು, 90 ಸೆಂ.ಮೀ. ಅಗಲದ್ದೇ ತನ್ನಿ.

ಪೈಪಿಲ್ಲದ, ಇದ್ದಿಲ ಫಿಲ್ಟರಿನ ಚಿಮ್ನಿ ಬಾಡಿಗೆ ಮನೆಯವರಿಗೆ ಅನಿವಾರ್ಯ ಇರಬಹುದು. ವಾಸನೆ ಸ್ವಲ್ಪ ತಗ್ಗುತ್ತದೆ, ಹಬೆ ಮತ್ತು ಸೆಕೆ ತಿರುಗಿ ಅಡುಗೆಮನೆಗೇ ಬರುತ್ತವೆ. ಗೋಡೆಗೆ ತೂತು ಕೊರೆಯಲು ಮಾಲೀಕರು ಒಪ್ಪದಿದ್ದರೆ ಆ ದುಡ್ಡಿಗೆ ಕಿಟಕಿಗೆ ಒಳ್ಳೆಯ ಎಕ್ಸಾಸ್ಟ್ ಫ್ಯಾನ್ ಹಾಕಿಸುವುದೇ ಮೇಲು.