ಔಷಧ ಹೊರಲು ಯಾವ ಬ್ಯಾಕ್ಟೀರಿಯಾ: ಎಂಸಿ-1 ಅಥವಾ ಇ. ಕೊಲೈ?

ಈಜುವ ಬ್ಯಾಕ್ಟೀರಿಯಾವನ್ನು ಔಷಧ ಸಾಗಿಸುವ ಸೂಕ್ಷ್ಮ ರೋಬಾಟ್ ಆಗಿಸಲು ಹೊರಟವರು ಮೊದಲು ಜೀವಿಯನ್ನು ಆರಿಸಬೇಕು.

ವೇಗ ಬೇಕಿದ್ದರೆ ಎಂಸಿ-1ಕ್ಕೆ ಸಾಟಿಯಿಲ್ಲ. ಈ ಸಮುದ್ರವಾಸಿ ಸೆಕೆಂಡಿಗೆ ಸುಮಾರು 200 ಮೈಕ್ರೋಮೀಟರ್ ಈಜಿದರೆ, ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾ ಇ. ಕೊಲೈ ಈಜುವುದು 20-30 ಮಾತ್ರ. ಎಂಸಿ-1ರ ಒಡಲಲ್ಲಿ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಖನಿಜದ ಹರಳುಗಳ ಸಾಲಿದೆ. ಹೊರಗಿನ ಕಾಂತಕ್ಷೇತ್ರ ತೋರಿದ ದಿಕ್ಕಿಗೆ ಅದು ತಿರುಗುತ್ತದೆ. ಆಮ್ಲಜನಕ ಕಡಿಮೆಯಿರುವ ಜಾಗವನ್ನು ಅರಸುವುದು ಅದರ ಹುಟ್ಟುಗುಣ. ಕ್ಯಾನ್ಸರ್ ಗಡ್ಡೆಯ ಒಳಭಾಗ ಅಂಥದ್ದೇ, ರಕ್ತದ ಮೂಲಕ ಕೊಟ್ಟ ಔಷಧ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. 2016ರಲ್ಲಿ ಮಾಂಟ್ರಿಯಲ್‌ನ ಸಿಲ್ವೆನ್ ಮಾರ್ಟೆಲ್ ತಂಡ ಇಲಿಗಳಲ್ಲಿ ಪ್ರಯೋಗಿಸಿದಾಗ, ಔಷಧದ ಲೈಪೋಸೋಮ್ (ಕೊಬ್ಬಿನ ಪೊರೆಯ ಅತಿ ಸಣ್ಣ ಚೀಲ) ಹೊತ್ತ ಎಂಸಿ-1ಗಳಲ್ಲಿ ಶೇ 55ರವರೆಗೆ ಆ ಭಾಗವನ್ನು ಹೊಕ್ಕವು.

ಇಷ್ಟೆಲ್ಲ ಇದ್ದರೂ ಅದನ್ನು ಬೆಳೆಸುವುದು ತಲೆನೋವು. ದೇಹದ 37 ಡಿಗ್ರಿ ಶಾಖದಲ್ಲಿ ಬೇಗ ಸೊರಗುತ್ತದೆ ಕೂಡ.

ಇ. ಕೊಲೈ ಅನುಕೂಲ ಸ್ಥಿತಿಯಲ್ಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ, ಅದರ ವಂಶವಾಹಿ ತಿದ್ದುವ ವಿಧಾನಗಳೂ ಚೆನ್ನಾಗಿ ಪಳಗಿವೆ. ಕಾಂತಗುಣವನ್ನು ಮಾತ್ರ ಹೊರಗಿನಿಂದ ಅಂಟಿಸಬೇಕು. ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯವರು 2022ರಲ್ಲಿ ಕಾಂತೀಯ ನ್ಯಾನೊಕಣ ಮತ್ತು ಔಷಧದ ಲೈಪೋಸೋಮ್ ಎರಡನ್ನೂ ಇ. ಕೊಲೈಗೆ ಅಂಟಿಸಿ, ಅದನ್ನು ಕಾಂತಕ್ಷೇತ್ರದಿಂದ ನಡೆಸಿದರು. ಆದರೆ ಅಂಟಿಸಿದ್ದು ಸಂತಾನಕ್ಕೆ ಹೊಸದಾಗಿ ಹುಟ್ಟಿ ಬರುವುದಿಲ್ಲ. ಕೋಶ ಒಡೆದಂತೆಲ್ಲ ಹೊರೆ ಹಂಚಿಹೋಗುತ್ತದೆ.

ಹೊಸಬರಿಗೆ ನನ್ನ ಮತ ಇ. ಕೊಲೈಗೆ. ಎಂಸಿ-1 ಬೇಕೆಂದರೆ, ಅದನ್ನು ಬೆಳೆಸಿ ಅನುಭವವಿರುವ ಪ್ರಯೋಗಾಲಯವನ್ನು ಮೊದಲು ಹಿಡಿಯಿರಿ. ಎರಡರ ಹೊರಪೊರೆಯೂ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸಬಲ್ಲದು, ಆ ಜಗಳ ಯಾವುದನ್ನು ಆರಿಸಿದರೂ ತಪ್ಪದು.