ಕೆರೆಯಲ್ಲಿ ತಾನಾಗಿ ಬೆಳೆದ ಒಂದು ಪೌಂಡ್ ‘ಮನೂಮಿನ್’

ಮಿನೆಸೋಟದಲ್ಲಿರುವ ಅಕ್ಕನ ಮಗಳು ಈ ಸಲ ತೀರ್ಥಹಳ್ಳಿಗೆ ಬಂದಾಗ ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರು ಕೈಯಲ್ಲೇ ಕೊಯ್ದ ಒಂದು ಪೌಂಡ್ ಕಾಡಕ್ಕಿಯನ್ನು ತಂದುಕೊಟ್ಟಳು. ಅಮೆರಿಕದ ಸರ್ಕಾರಿ ಕಾಗದಗಳಲ್ಲಿ ಚಿಪ್ಪೆವಾ ಎಂದಿರುವುದೂ ಇದೇ ಜನ. ತಮ್ಮನ್ನು ತಾವು ಅವರು ಅನಿಶಿನಾಬೆ ಎಂದು ಕರೆದುಕೊಳ್ಳುತ್ತಾರೆ, ಈ ಕಾಳನ್ನು ಮನೂಮಿನ್ ಎನ್ನುತ್ತಾರೆ.

ಇದು ನಮ್ಮ ಭತ್ತದ ಜಾತಿಗೆ ಸೇರಿದ್ದಲ್ಲ, ಸುಪೀರಿಯರ್ ಸರೋವರದ ಆಸುಪಾಸಿನ ಆಳವಿಲ್ಲದ ಕೆರೆಗಳಲ್ಲಿ ಬೆಳೆಯುವ ಹುಲ್ಲಿನ ಬೀಜ. ಕಾಳು ಸೂಜಿಯಂತೆ ಉದ್ದ. ಕೆಲವು ಕಂದು, ಕೆಲವು ಹಸಿರು ಮಿಶ್ರಿತ ಬೂದು. ಪೊಟ್ಟಣ ಬಿಚ್ಚಿದೊಡನೆ ಕಟ್ಟಿಗೆ ಹೊಗೆಯ ವಾಸನೆ. ಒಂದೇ ಸಮನೆ ಕಪ್ಪಗೆ ಹೊಳೆಯುವ ಕಾಳು ಸಾಮಾನ್ಯವಾಗಿ ಗದ್ದೆಯಲ್ಲಿ ಬಿತ್ತಿ ಯಂತ್ರದಲ್ಲಿ ಕೊಯ್ದದ್ದು. ಅದು ಬೇಯಲು ಬಹಳ ಹೊತ್ತು ಹಿಡಿಯುತ್ತದೆ.

ಕೊಯ್ಲು ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ. ಒಬ್ಬರು ಉದ್ದನೆಯ ಗಳು ಹಾಕಿ ದೋಣಿ ನೂಕುತ್ತಿದ್ದರೆ, ಇನ್ನೊಬ್ಬರು ಒಂದು ಕೋಲಿನಿಂದ ತೆನೆಯನ್ನು ದೋಣಿಯೊಳಗೆ ಬಾಗಿಸಿ ಮತ್ತೊಂದರಿಂದ ಮೆಲ್ಲಗೆ ತಟ್ಟುತ್ತಾರೆ. ನೀರಿಗೆ ಉದುರಿದ್ದು ಮುಂದಿನ ವರ್ಷದ ಬೀಜ. ಒಣಗಿಸಿ, ಹುರಿದು, ಕುಳಿಯಲ್ಲಿ ಹಾಕಿ ಮೆತ್ತನೆಯ ಚರ್ಮದ ಪಾದರಕ್ಷೆಯಲ್ಲಿ ತುಳಿದು, ಭೂರ್ಜ ತೊಗಟೆಯ ಮೊರದಲ್ಲಿ ಕೇರುವುದು ಹಳೆಯ ಕ್ರಮ. ಕೇರುವ ಕೈ ಎಲ್ಲ ಊರಿನಲ್ಲೂ ಒಂದೇ ಎಂದು ನಮ್ಮ ಅಮ್ಮ ನಕ್ಕರು.

ಅಮೆರಿಕ ಸರ್ಕಾರದ ಜೊತೆಗಿನ 1837ರ ಒಪ್ಪಂದದಲ್ಲಿ ನೆಲ ಬಿಟ್ಟುಕೊಟ್ಟರೂ ಬೇಟೆ, ಮೀನು ಮತ್ತು ಈ ಕಾಳಿನ ಹಕ್ಕನ್ನು ಅವರು ಬರೆಸಿಕೊಂಡಿದ್ದರು. ಆ ಹಕ್ಕು ಅವರಲ್ಲೇ ಒಂದಾದ ಮಿಲ್ ಲ್ಯಾಕ್ಸ್ ಪಂಗಡಕ್ಕೆ ಇನ್ನೂ ಇದೆಯೆಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1999ರಲ್ಲಿ. ಶರಾವತಿ ಮುಳುಗಡೆಯ ಕಾಗದಗಳನ್ನು ಇಂದಿಗೂ ಟ್ರಂಕಿನಲ್ಲಿ ಕಾಪಾಡಿಕೊಂಡಿರುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರವಿಟ್ಟು ಇಂಗ್ಲಿಷನ್ನೇ ಕಲಿಸಿದ ಬೋರ್ಡಿಂಗ್ ಶಾಲೆಗಳಲ್ಲಿ ಅವರ ಬಾಯಿಂದ ಕಿತ್ತುಕೊಂಡ ಭಾಷೆಯ ಪದವೇ ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿತ್ತು. ಅದರ ಉಚ್ಚಾರಣೆಯನ್ನು ಮಿನೆಸೋಟ ವಿಶ್ವವಿದ್ಯಾಲಯದ ಒಜಿಬ್ವೆ ನಿಘಂಟಿನಲ್ಲಿ, ಆ ಭಾಷೆಯವರದೇ ದನಿಯಲ್ಲಿ, ಮೊಬೈಲಿನಲ್ಲೇ ಕೇಳಿಸಿಕೊಂಡೆವು.

ಇನ್ನು ಅಡುಗೆ. ಮೊದಲ ದಿನ ಅಭ್ಯಾಸಬಲದಿಂದ ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿ ಮುದ್ದೆ ಮಾಡಿದೆ, ತಪ್ಪು ನನ್ನದೇ. ಮರುದಿನ ಒಂದು ಲೋಟಕ್ಕೆ ಮೂರು ಲೋಟ ನೀರಿಟ್ಟು ತೆರೆದ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿದಾಗ ಕಾಳು ಸೀಳಿ, ಸುರುಳಿಯಾಗಿ, ಒಳಗಿನ ಬಿಳುಪು ಹೊರಗೆ ಕಂಡಿತು. ಒಂದೆಲಗದ ತಂಬುಳಿಗೆ ಇದು ಒಗ್ಗಲಿಲ್ಲ, ಹೊಗೆಯ ರುಚಿ ಮಜ್ಜಿಗೆಯ ಜೊತೆ ಜಗಳವಾಡಿತು. ಕಳಲೆ ಪಲ್ಯದ ಜೊತೆ ಮಾತ್ರ ಎರಡನೆಯ ಸಲ ಬಡಿಸಿಕೊಳ್ಳುವಷ್ಟು ಚೆನ್ನಾಗಿತ್ತು. ದಿನದ ಅನ್ನಕ್ಕೆ ಕೊಳ್ಳುವ ಬೆಲೆಯಲ್ಲ. ಮುಂದಿನ ಮಳೆಗಾಲಕ್ಕೆ, ಕಳಲೆ ಬರುವ ಹೊತ್ತಿಗೆ, ಅರ್ಧ ಪೌಂಡ್ ತಂದರೆ ಸಾಕೆಂದು ಹೇಳಿ ಕಳುಹಿಸಿದ್ದೇನೆ.