ಎಸ್‌ಜಿಪಿಎ ಲೆಕ್ಕಕ್ಕೆ ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್: ಬ್ಯಾಗಿನಲ್ಲಿರುವುದನ್ನೇ ಬಳಸಿ

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ರಿಸಲ್ಟ್ ಬಂತೆಂದರೆ ಹಾಸನದ ಹಾಸ್ಟೆಲುಗಳಲ್ಲಿ ಎಲ್ಲರೂ ಫೋನ್ ಹಿಡಿದು ಎಸ್‌ಜಿಪಿಎ, ಅಂದರೆ ಒಂದು ಸೆಮ್‌ನ ಸರಾಸರಿ ಗ್ರೇಡ್ ಪಾಯಿಂಟ್, ಲೆಕ್ಕ ಹಾಕುವ ಆ್ಯಪ್ ಹುಡುಕುತ್ತಾರೆ. ಆ್ಯಪ್ ಒಂದು ಅಂಕಿ ಕೊಡುತ್ತದೆ, ಅದು ಹೇಗೆ ಬಂತು ಎಂದು ಮಾತ್ರ ತೋರಿಸುವುದಿಲ್ಲ. ಸ್ಕೀಮ್ (ಯಾವ ವರ್ಷದ ಪಠ್ಯಕ್ರಮ) ಆರಿಸುವಾಗ 2022ರ ಬದಲು 2018 ಒತ್ತಿದರೆ ಕ್ರೆಡಿಟ್‌ಗಳೇ (ಪ್ರತಿ ವಿಷಯಕ್ಕೆ ಕೊಟ್ಟ ತೂಕ) ಬೇರೆಯಾಗಿ, ಉತ್ತರ ತಪ್ಪಾಗುತ್ತದೆ, ಗೊತ್ತೂ ಆಗುವುದಿಲ್ಲ. ಗಣಿತದ ಪರೀಕ್ಷೆಗೆಂದು ಕೊಂಡ 991ಇಎಸ್ ಪ್ಲಸ್ ಕ್ಯಾಲ್ಕುಲೇಟರ್ ಇದೇ ಕೆಲಸವನ್ನು ಪ್ರತಿ ಸಾಲೂ ಕಣ್ಣಿಗೆ ಕಾಣುವಂತೆ ಮಾಡುತ್ತದೆ. ನಮ್ಮ ಮಟ್ಟಿಗೆ ಈ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಮೊದಲು ಫ್ರೀಕ್ವೆನ್ಸಿ ಕಾಲಂ ಆನ್ ಮಾಡಬೇಕು. ಶಿಫ್ಟ್, ಮೋಡ್ ಒತ್ತಿ, ಕೆಳಬಾಣ ಒತ್ತಿ, 4 (ಸ್ಟ್ಯಾಟ್), ನಂತರ 1 (ಆನ್). ಆಮೇಲೆ ಮೋಡ್, 3, 1. ಎರಡು ಕಾಲಂಗಳ ಪಟ್ಟಿ ತೆರೆಯುತ್ತದೆ. ಎಕ್ಸ್ ಕಾಲಂನಲ್ಲಿ ಗ್ರೇಡ್ ಪಾಯಿಂಟ್ ಹಾಕುತ್ತ ಹೋಗಿ, ಒಂದೊಂದಕ್ಕೂ ಈಕ್ವಲ್ ಒತ್ತಿ. ಮತ್ತೆ ಮೇಲೆ ಹೋಗಿ ಪಕ್ಕದ ಫ್ರೀಕ್ವೆನ್ಸಿ ಕಾಲಂನಲ್ಲಿ ಆಯಾ ವಿಷಯದ ಕ್ರೆಡಿಟ್ ಹಾಕಿ. ಮುಗಿದ ಮೇಲೆ ಎಸಿ. ಶಿಫ್ಟ್, 1, 4, 2, ಈಕ್ವಲ್ ಒತ್ತಿದರೆ ಬರುವ ಎಕ್ಸ್-ಬಾರ್ (ಸರಾಸರಿ) ಬೆಲೆಯೇ ಎಸ್‌ಜಿಪಿಎ.

2022 ಸ್ಕೀಮಿನ ಮೊದಲ ಸೆಮ್ 20 ಕ್ರೆಡಿಟ್‌ನದು: ನಾಲ್ಕರವು ಎರಡು, ಮೂರರವು ಮೂರು, ಒಂದರವು ಮೂರು. ಪಾಯಿಂಟ್‌ಗಳು ಕ್ರಮವಾಗಿ 7, 6, 8, 9, 8, 10, 10, 10 ಎಂದಿಟ್ಟುಕೊಳ್ಳಿ. ಸರಿಯಾದ ಉತ್ತರ 157 ಭಾಗಿಸು 20, ಅಂದರೆ 7.85. ಕ್ರೆಡಿಟ್ ಹಾಕುವುದನ್ನು ಮರೆತರೆ ಯಂತ್ರ ಪ್ರತಿ ಸಾಲಿಗೂ ತಾನೇ 1 ಬರೆದುಕೊಂಡಿರುತ್ತದೆ, ಆಗ 8.5 ತೋರಿಸುತ್ತದೆ. ಖುಷಿಯಾಗುವ ತಪ್ಪು ಇದು, ಅದಕ್ಕೇ ಯಾರೂ ಮರಳಿ ನೋಡುವುದಿಲ್ಲ. ತಪ್ಪಿಸಲು ದಾರಿ ಸುಲಭ: ಶಿಫ್ಟ್, 1, 4, 1, ಈಕ್ವಲ್ ಒತ್ತಿ ಎನ್ ಎಷ್ಟಿದೆ ನೋಡಿ. 20 ಬಂದರೆ ಕ್ರೆಡಿಟ್‌ಗಳ ಮೊತ್ತ ಸರಿಯಿದೆ. 8 ಬಂದರೆ ಯಂತ್ರ ಬರೀ ವಿಷಯಗಳನ್ನು ಎಣಿಸಿದೆ.

ಗ್ರೇಡ್ ಪಾಯಿಂಟ್ ಯಾವುದು ಎಂಬುದನ್ನು ನೀವೇ ಹಾಕಬೇಕು: ನೂರಕ್ಕೆ 90ರಿಂದ ಮೇಲೆ ಬಂದರೆ 10, 80ರಿಂದ 9, 70ರಿಂದ 8, 60ರಿಂದ 7, 55ರಿಂದ 6, 50ರಿಂದ 5, 40ರಿಂದ 4. ನಾಲ್ಕು ಕ್ರೆಡಿಟ್‌ನ ವಿಷಯದಲ್ಲಿ 69 ಬಂದದ್ದು 70 ಆಗಿದ್ದರೆ ಈ ಸೆಮ್‌ನ ಎಸ್‌ಜಿಪಿಎ 0.2 ಏರುತ್ತದೆ. ಒಂದು ಕ್ರೆಡಿಟ್‌ನದರಲ್ಲಾದರೆ ಬರೀ 0.05. ರೀವ್ಯಾಲ್ಯುಯೇಷನ್‌ಗೆ ದುಡ್ಡು ಕಟ್ಟುವ ಮೊದಲು ಪಟ್ಟಿಯ ಆ ಒಂದು ಸಾಲನ್ನು ಬದಲಿಸಿ ನೋಡಬಹುದು. ಶಿಫ್ಟ್, 1, 2 ಒತ್ತಿದರೆ ಪಟ್ಟಿ ಮರಳಿ ಬರುತ್ತದೆ.

ಈ ಯಂತ್ರಕ್ಕೆ ಪಾಸು-ಫೇಲು ಗೊತ್ತಿಲ್ಲ. ಇಂಟರ್ನಲ್ಸ್ 50ಕ್ಕೆ 48, ಎಕ್ಸ್‌ಟರ್ನಲ್ 100ಕ್ಕೆ 32 (50ಕ್ಕೆ ಇಳಿಸಿದರೆ 16) ಬಂದರೆ ಮೊತ್ತ 64 ಆಗಿ ಏಳು ಪಾಯಿಂಟ್ ಅನಿಸುತ್ತದೆ. ಆದರೆ ಎಕ್ಸ್‌ಟರ್ನಲ್‌ನಲ್ಲಿ 35 ಇಲ್ಲದೆ ಪಾಸಿಲ್ಲ, ಅದು ಎಫ್. ಇಂಟರ್ನಲ್ಸ್‌ನಲ್ಲೂ 20 ಇರಲೇಬೇಕು. ಎಫ್ ಬಂದ ವಿಷಯವನ್ನು ಎಸ್‌ಜಿಪಿಎ ಪಟ್ಟಿಯಿಂದ ಕೈಬಿಡಬೇಡಿ: ಎಕ್ಸ್‌ನಲ್ಲಿ 0, ಪಕ್ಕದಲ್ಲಿ ಪೂರ್ತಿ ಕ್ರೆಡಿಟ್. ಮೇಲಿನ ಉದಾಹರಣೆಯಲ್ಲಿ 6 ಪಾಯಿಂಟ್‌ನ ವಿಷಯ ಹೋದರೆ 133 ಭಾಗಿಸು 20, ಅಂದರೆ 6.65. ಸಿಜಿಪಿಎಗೆ (ಈವರೆಗಿನ ಎಲ್ಲ ಸೆಮ್‌ಗಳ ಸರಾಸರಿ) ನಿಯಮ ಬೇರೆ. ಅಲ್ಲಿ ಎಫ್ ವಿಷಯ ಪಾಸಾಗುವವರೆಗೆ ಅದರ ಕ್ರೆಡಿಟ್ಟೂ ಲೆಕ್ಕಕ್ಕಿಲ್ಲ. ಬ್ಯಾಕ್‌ಲಾಗ್ ಇರುವವರಿಗೆ ಎರಡು ಅಂಕಿ ತಾಳೆಯಾಗದಿರಲು ಬಹುತೇಕ ಇದೇ ಕಾರಣ.

ಸಿಜಿಪಿಎಗೆ ಎಸ್‌ಜಿಪಿಎಗಳನ್ನು ಕೂಡಿ ಸೆಮ್‌ಗಳ ಸಂಖ್ಯೆಯಿಂದ ಭಾಗಿಸುವುದು ತಪ್ಪು, ಎಲ್ಲ ಸೆಮ್‌ಗೂ ಒಂದೇ ಕ್ರೆಡಿಟ್ ಇರುವುದಿಲ್ಲ. ಪ್ರತಿ ಸೆಮ್‌ಗೆ ಶಿಫ್ಟ್, 1, 3, 2, ಈಕ್ವಲ್ ಒತ್ತಿ ಸಿಗ್ಮಾ ಎಕ್ಸ್ (ಪಾಯಿಂಟನ್ನು ಕ್ರೆಡಿಟ್‌ನಿಂದ ಗುಣಿಸಿದ್ದರ ಮೊತ್ತ) ನೋಡಿ, ಅದನ್ನೂ ಎನ್ ಬೆಲೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎಲ್ಲ ಸಿಗ್ಮಾ ಎಕ್ಸ್‌ಗಳ ಮೊತ್ತವನ್ನು, ಎಫ್ ವಿಷಯಗಳ ಕ್ರೆಡಿಟ್ ಕಳೆದ ಎನ್‌ಗಳ ಮೊತ್ತದಿಂದ ಭಾಗಿಸಿದರೆ ಸಿಜಿಪಿಎ. ಬರೆಯದೆ ಮೋಡ್ ಬದಲಿಸಿದರೆ ಪಟ್ಟಿ ಅಳಿಸಿಹೋಗುತ್ತದೆ. ಈ ಯಂತ್ರದಲ್ಲಿ ನಮಗೆ ನಿಜಕ್ಕೂ ಬೇಸರ ತರಿಸುವ ಕೊರತೆ ಇದೇ.

ಪರೀಕ್ಷೆಗೆ ಮುಂಚೆಯೂ ಇದು ಉಪಯೋಗಕ್ಕೆ ಬರುತ್ತದೆ. ಮೋಡ್ 1ರಲ್ಲಿ 2(90−ಎಕ್ಸ್) ಎಂದು ಬರೆದು ಕ್ಯಾಲ್ಕ್ ಒತ್ತಿ, ಇಂಟರ್ನಲ್ಸ್ ಕೊಡಿ. 44ಕ್ಕೆ 92 ಬರುತ್ತದೆ: 10 ಪಾಯಿಂಟ್ ಬೇಕಾದರೆ ಎಕ್ಸ್‌ಟರ್ನಲ್‌ನಲ್ಲಿ ನೂರಕ್ಕೆ ಅಷ್ಟು ಬೇಕು. 38ಕ್ಕೆ 104 ಬರುತ್ತದೆ, ಆಗದ ಮಾತು. ಅಲ್ಲಿ 90ರ ಜಾಗದಲ್ಲಿ 80 ಹಾಕಿ, 84ಕ್ಕೆ ಓದಿ. 2018 ಸ್ಕೀಮಿನಲ್ಲಿ ಇಂಟರ್ನಲ್ಸ್ 40, ಎಕ್ಸ್‌ಟರ್ನಲ್ 60 ಇದ್ದುದರಿಂದ ಈ ಸೂತ್ರ ಅಲ್ಲಿಗೆ ಹೊಂದದು. ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿನಂಥ ಸ್ವಾಯತ್ತ ಕಾಲೇಜಿನವರು ಕ್ರೆಡಿಟ್ಟನ್ನೂ ಗ್ರೇಡ್ ಮಿತಿಯನ್ನೂ ತಮ್ಮದೇ ನಿಯಮಾವಳಿಯಿಂದ ತೆಗೆದುಕೊಳ್ಳಬೇಕು. ಒತ್ತುವ ಕ್ರಮ ಮಾತ್ರ ಬದಲಾಗದು.

ಸೋಲಾರ್ ಜೊತೆ ಒಳಗೆ ಎಲ್‌ಆರ್44 ಬಟನ್ ಸೆಲ್ ಇದೆ. ಚಿಕ್ಕಮಗಳೂರಿನ ಆಷಾಢದ ಮಬ್ಬಿನಲ್ಲಿ ಅಂಕಿಗಳು ಮಸುಕಾದರೆ ಸೆಲ್ ಮುಗಿದಿದೆ ಎಂದರ್ಥ, ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ.

ಬರೀ ಎಸ್‌ಜಿಪಿಎಗೆಂದು 991 ಕೊಳ್ಳಬೇಕಿಲ್ಲ. ಅದರ ಅರ್ಧಕ್ಕಿಂತ ಕಡಿಮೆ ಬೆಲೆಯ ಎಫ್‌ಎಕ್ಸ್-82ಎಂಎಸ್ ಸಾಕು: ಮೋಡ್ 2, ಪಾಯಿಂಟ್, ಶಿಫ್ಟ್, ಅಲ್ಪವಿರಾಮದ ಕೀ, ಕ್ರೆಡಿಟ್, ಎಂ-ಪ್ಲಸ್. ಎಲ್ಲ ಹಾಕಿದ ಮೇಲೆ ಶಿಫ್ಟ್, 2, 1, ಈಕ್ವಲ್. ಒಂದೊಂದು ಸಲ ಎಂ-ಪ್ಲಸ್ ಒತ್ತಿದಾಗಲೂ ಎನ್ ಏರುವುದು ಪರದೆಯಲ್ಲೇ ಕಾಣುತ್ತದೆ.